ಪುಟ್ಟಸ್ವಾಮಿಯವರ ಐದು ನಿಮಿಷ

ಐದು ನಿಮಿಷ ಅನ್ನುವ ಮಾತಿನ ಮೇಲೆ ನನಗೆ ನಂಬಿಕೆ ಕಡಿಮೆ. ಮಂಡ್ಯದಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವಳು ನಾನು. "ಐದು ನಿಮಿಷ ಕೂತಿರಿ, ಫ್ರೇಮು ಸರಿಮಾಡಿ ಕೊಡ್ತೀನಿ" ಎಂದು ಗಿರಾಕಿಗಳಿಗೆ ಎಷ್ಟು ಸಲ ಹೇಳಿದ್ದೇನೋ ದೇವರಿಗೇ ಗೊತ್ತು. ಹಾಗೆ ಕೂತವರು ಪೇಪರು ಪೂರ್ತಿ ಓದಿ, ಪಕ್ಕದಂಗಡಿಯ ಕಾಫಿ ಕುಡಿದು, ನಮ್ಮ ಮನೆಯ ಸಮಾಚಾರವನ್ನೆಲ್ಲ ವಿಚಾರಿಸಿಕೊಂಡು ಎದ್ದಿದ್ದಾರೆ. ಇನ್ನು ನಮ್ಮ ಯಜಮಾನರು ಫೋನಿನಲ್ಲಿ "ಐದೇ ನಿಮಿಷ, ಹೊರಟೆ" ಅಂದರೆ ಅವರಿನ್ನೂ ಸ್ನಾನಕ್ಕೆ ಹೋಗಿಲ್ಲ ಎಂದು ಅರ್ಥ. ಇಂಥ ನನ್ನ ಕೈಗೆ ಊರವರ ಐದು ನಿಮಿಷವನ್ನು ಕಾಯುವ ಕೆಲಸ ಬಂದದ್ದು, ತೋಳನಿಗೆ ಕುರಿ ಕಾಯಲು ಹೇಳಿದ ಹಾಗಾಯಿತು.

ವಿಷಯ ಏನೆಂದರೆ, ನಮ್ಮದೊಂದು ವ್ಯಾಪಾರಿಗಳ ಬಳಗವಿದೆ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆಯವರು ಬುಧವಾರ ಬೆಳಿಗ್ಗೆ ಮದ್ದೂರಿನ ಹೆದ್ದಾರಿ ಪಕ್ಕದ ಒಂದು ಹೋಟೆಲಿನ ಮಹಡಿಯಲ್ಲಿ ಸೇರುತ್ತೇವೆ. ನಿಯಮ ಸರಳ. ಒಂದು ಕಸುಬಿಗೆ ಒಬ್ಬರೇ ಸದಸ್ಯರು. ನಿಮ್ಮ ಗಿರಾಕಿಗೆ ಕಣ್ಣು ಮಂಜಾದರೆ ನನ್ನ ಕಡೆ ಕಳಿಸಿ, ನನ್ನ ಗಿರಾಕಿಯ ಟ್ರಾಕ್ಟರು ಕೆಟ್ಟರೆ ನಿಮ್ಮ ಕಡೆ ಕಳಿಸುತ್ತೇನೆ. ಇದಕ್ಕೆ ನೆಟ್‌ವರ್ಕಿಂಗ್ ಎಂಬ ಗಂಭೀರವಾದ ಹೆಸರಿದೆ. ನಮ್ಮಜ್ಜಿ ಇದನ್ನೇ ದಿನಾ ಬಾವಿಕಟ್ಟೆಯಲ್ಲಿ ಮಾಡುತ್ತಿದ್ದಳು, ಅವಳಿಗೆ ಯಾರೂ ಕೋಟಿಗೆ ಸಿಕ್ಕಿಸಿಕೊಳ್ಳುವ ಬಿಲ್ಲೆ ಕೊಡಲಿಲ್ಲ ಅಷ್ಟೆ. ಸಭೆಯಲ್ಲಿ ಪ್ರತಿ ವಾರ ಒಬ್ಬ ಸದಸ್ಯರು ಎದ್ದು ಐದು ನಿಮಿಷ ಶಿಕ್ಷಣದ ಮಾತಾಡಬೇಕು. ಗಿರಾಕಿಯನ್ನು ಉಳಿಸಿಕೊಳ್ಳುವುದು ಹೇಗೆ, ಪರಿಚಯ ಬೆಳೆಸುವುದು ಹೇಗೆ, ಇಂಥವು. ಇದನ್ನು ಏರ್ಪಡಿಸಲು ಒಬ್ಬ ಸಂಚಾಲಕರು ಬೇಕು. ಅವರ ಆಯ್ಕೆ ನಡೆದಾಗ ನಾನು ಕೈ ತೊಳೆಯಲು ಹೋಗಿದ್ದೆ. ವಾಪಸು ಬರುವಷ್ಟರಲ್ಲಿ ಎಲ್ಲರೂ ನನ್ನನ್ನೇ ನೋಡುತ್ತ ಚಪ್ಪಾಳೆ ತಟ್ಟುತ್ತಿದ್ದರು.

ಸಂಸ್ಕೃತ ಬಲ್ಲವರು ಹೇಳುತ್ತಾರೆ, ಗೋಷ್ಠಿ ಎಂಬ ಮಾತು ಹುಟ್ಟಿದ್ದೇ ಗೋಷ್ಠದಿಂದ, ಅಂದರೆ ದನದ ಕೊಟ್ಟಿಗೆಯಿಂದ. ದನ ಸೇರಿದಲ್ಲಿ ದನ ಕಾಯುವವರೂ ಸೇರಿ, ಅವರು ಸೇರಿದಲ್ಲಿ ಮಾತೂ ಸೇರಿ, ಕೊನೆಗೆ ದನ ಬಿಟ್ಟು ಮಾತೊಂದೇ ಉಳಿಯಿತಂತೆ. ಅಧಿಕಾರ ವಹಿಸಿಕೊಂಡ ದಿನವೇ ಈ ಸಂಗತಿಯನ್ನು ಬಳಗಕ್ಕೆ ಹೇಳಿ ನನ್ನ ಪಾಂಡಿತ್ಯ ಮೆರೆದೆ. ಹಿಂದಿನ ಸಾಲಿನಿಂದ ಯಾರೋ, "ಅಂಗಾದ್ರೆ ಇಡ್ಲಿ ಬದ್ಲು ಒಸಿ ಬೂಸಾ ಕೊಡ್ಸಿ ಮೇಡಮ್ಮೋರೆ" ಅಂದರು. ನಮ್ಮ ಸೀಮೆಯಲ್ಲಿ ಪಾಂಡಿತ್ಯಕ್ಕೆ ಸಿಗುವ ಮರ್ಯಾದೆ ಇಷ್ಟು.

ಕಾಲದ ವಿಷಯದಲ್ಲೂ ನಮ್ಮ ಹಿರಿಯರು ಉದಾರಿಗಳು. ಗಳಿಗೆ ಎಂದರೆ ಇಪ್ಪತ್ತನಾಲ್ಕು ನಿಮಿಷ. ವಿಗಳಿಗೆ ಎಂಬುದೂ ಒಂದಿತ್ತು, ಆದರೆ ಅದು ಜೋಯಿಸರ ಪಂಚಾಂಗ ಬಿಟ್ಟು ಹೊರಗೆ ಬಂದದ್ದನ್ನು ನಾನು ಕಂಡಿಲ್ಲ. ಉಳಿದದ್ದು ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು, ಬೀಡಿ ಸೇದುವಷ್ಟು ಹೊತ್ತು. ಈ ಸಂಸ್ಕಾರದಲ್ಲಿ ಬೆಳೆದವರಿಗೆ ಐದು ನಿಮಿಷ ಕೊಟ್ಟರೆ ಅದು "ಸಭೆಯ ಅಧ್ಯಕ್ಷರೇ, ಹಿರಿಯರೇ, ಕಿರಿಯರೇ, ತಾಯಂದಿರೇ" ಅನ್ನುವುದರಲ್ಲೇ ಸವೆದುಹೋಗುತ್ತದೆ. "ಎರಡೇ ಎರಡು ಮಾತು ಹೇಳಿ ಮುಗಿಸ್ತೀನಿ" ಎಂದವರು ಅದನ್ನೇ ಮೂರು ಸಲ ಹೇಳುತ್ತಾರೆ. ಹೊತ್ತು ಮುಗಿದದ್ದನ್ನು ತಿಳಿಸಲು ಅಧ್ಯಕ್ಷರ ಕೈಗೆ ಒಂದು ಹಿತ್ತಾಳೆಯ ಗಂಟೆ ಕೊಡಿಸಿದೆ. ಮೊದಲ ಸಲ ಅದು ಮೊಳಗಿದಾಗ ಅರ್ಧ ಸಭೆ ಮಹಾಮಂಗಳಾರತಿ ಎಂದು ಎದ್ದು ನಿಂತು ಕೈಮುಗಿಯಿತು.

ಇದಕ್ಕೆ ತದ್ವಿರುದ್ಧ ಮದ್ದೂರಿನ ಟ್ರಾಕ್ಟರ್ ಮೆಕ್ಯಾನಿಕ್ ರಫೀಕ್. ಅವರಿಗೆ ನಾನು ಕೊಟ್ಟ ವಿಷಯ, ಗಿರಾಕಿಯನ್ನು ನಗುಮುಖದಿಂದ ಕಾಣುವುದು. ರಫೀಕ್ ಎದ್ದು, "ನಗ್ತಾ ನಿಂತ್ಕಂಡ್ರೆ ಟ್ರಾಕ್ಟ್ರು ರಿಪೇರಿ ಮಾಡೋರ್ಯಾರು? ಕೆಲ್ಸ ನೆಟ್ಟಗೆ ಮಾಡಿ, ಅವ್ರೇ ನಗ್ತಾ ಓಯ್ತಾರೆ" ಎಂದು ಹೇಳಿ ಕೂತುಬಿಟ್ಟರು. ಉಳಿದ ಹೊತ್ತಿನಲ್ಲಿ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು, ವಿಷಯಕ್ಕೆ ಅಷ್ಟಾದರೂ ನ್ಯಾಯ ಸಿಗಲಿ ಎಂದು.

ಹೀಗೆ ನಡೆಯುತ್ತಿದ್ದಾಗ ಒಂದು ದಿನ ಮಳವಳ್ಳಿಯ ಪುಟ್ಟಸ್ವಾಮಿ ನನ್ನ ಅಂಗಡಿಗೆ ಬಂದರು. ಇವರದು ಶಾಮಿಯಾನದ ವ್ಯಾಪಾರ. ಮಳವಳ್ಳಿಯಿಂದ ಶಿವನಸಮುದ್ರದವರೆಗೆ ಯಾರ ಮನೆಯಲ್ಲಿ ಮದುವೆಯಾಗಲಿ, ತಿಥಿಯಾಗಲಿ, ಎಲ್ಲಿ ರಾಜಕೀಯದವರ ಸಭೆಯಾಗಲಿ, ಕಂಬ ನೆಟ್ಟು ವೇದಿಕೆ ಕಟ್ಟುವವರು ಇವರೇ. ಸಾವಿರ ವೇದಿಕೆ ಕಟ್ಟಿದ್ದಾರೆ, ಒಂದರ ಮೇಲೂ ನಿಂತು ಮಾತಾಡಿದವರಲ್ಲ. ಬಳಗದಲ್ಲಿ ಪ್ರತಿ ವಾರ ಎಲ್ಲರೂ ಎದ್ದು ತಮ್ಮ ಪರಿಚಯ ಹೇಳಿಕೊಳ್ಳುವಾಗ ಇವರು "ಪುಟ್ಟಸ್ವಾಮಿ, ಶಾಮಿಯಾನ" ಎಂದು ಹೇಳಿ, ಯಾರೋ ಹೊಡೆಯಲು ಬಂದರೇನೋ ಎಂಬಂತೆ ಕೂತುಬಿಡುತ್ತಿದ್ದರು.

"ಮೇಡಮ್ಮೋರೆ, ಮುಂದಿನ್ ವಾರದ ಭಾಸಣ ನಂಗೆ ಕೊಡಿ" ಅಂದರು. ನಾನು ಕೈಯಲ್ಲಿದ್ದ ಸ್ಕ್ರೂ ಡ್ರೈವರು ಕೆಳಗೆ ಬೀಳಿಸಿಕೊಂಡೆ.

ಆಮೇಲೆ ಕಥೆ ಹೊರಗೆ ಬಂತು. ಅವರ ಮಗಳು ಭವ್ಯ ಮಂಡ್ಯದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಸೋಮನಹಳ್ಳಿಯಲ್ಲಿ ಸಿಮೆಂಟ್ ಇಟ್ಟಿಗೆಯ ಫ್ಯಾಕ್ಟರಿ ಇಟ್ಟಿರುವ ಬೋರೇಗೌಡರ ಮಗನೂ ಅವಳೂ ಕಾಲೇಜಿನಿಂದ ಸ್ನೇಹಿತರು, ಈಗ ಮದುವೆಯಾಗಬೇಕೆಂದು ಇದ್ದಾರೆ. ಹುಡುಗನ ತಾಯಿ ಒಪ್ಪಿದ್ದಾರೆ. ಬೋರೇಗೌಡರು ಮಾತ್ರ "ಮದ್ವೆ ಮನೆ ಮುಂದೆ ಕಂಬ ನೆಡೋನ ಜೊತೆ ಬೀಗತನವಾ? ನಾಕ್ ಜನದ ಮುಂದೆ ನಿಂತು ಮಾತಾಡೋ ಮನ್ಸ ಆಗಿರ್ಬೇಕು" ಎಂದು ಮೀಸೆ ತಿರುವುತ್ತ ಕೂತಿದ್ದಾರೆ. ಅದಕ್ಕೆ ಪುಟ್ಟಸ್ವಾಮಿ ರೋಷದಲ್ಲಿ, "ನಾನು ಮದ್ದೂರ್ನಾಗೆ ದೊಡ್ ದೊಡ್ಡೋರಿಗೆ ಪಾಠ ಯೋಳ್ತೀನಿ" ಎಂದು ಬಿಟ್ಟಿದ್ದಾರೆ. ಬೋರೇಗೌಡರು ತಣ್ಣಗೆ, "ಅಂಗಾ? ಬುಧ್ವಾರ ಬಂದು ಕೇಳ್ತೀನಿ ಬುಡಿ" ಅಂದಿದ್ದಾರೆ.

"ಎಂಗಾರ ಮಾಡಿ ದಡ ಮುಟ್ಸಿ. ನನ್ ಬಾಯಿಂದ ಮಗೀನ ಮದ್ವೆ ಕೆಟ್ಟೋಗಬಾರ್ದು" ಎಂದು ಪುಟ್ಟಸ್ವಾಮಿ ನನ್ನ ಮುಂದೆ ಕಣ್ಣಲ್ಲಿ ನೀರು ತಂದುಕೊಂಡರು. ಕೂಡಲೇ ವಿಷಯ ಆರಿಸಿದೆ: ಕೇಳಿಸಿಕೊಳ್ಳುವ ಕಲೆ. ಮಾತಾಡಲು ಹೆದರುವವರಿಗೆ ಇದಕ್ಕಿಂತ ಸುಲಭದ ವಿಷಯ ಉಂಟೇ ಎಂದು ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಭಾಷಣವನ್ನೂ ನಾನೇ ಬರೆದೆ. "ದೇವರು ನಮಗೆ ಎರಡು ಕಿವಿ, ಒಂದೇ ಬಾಯಿ ಕೊಟ್ಟಿದ್ದಾನೆ" ಎಂದು ಶುರು. ಪುಟ್ಟಸ್ವಾಮಿ ಅದನ್ನು ಓದಿ, "ನಂಗೆ ಆ ಒಂದೂ ಕೊಟ್ಟಿಲ್ಲ ಕಣಮ್ಮ" ಅಂದರು.

ಅಭ್ಯಾಸ ನಡೆದದ್ದು ನನ್ನ ಅಂಗಡಿಯ ಒಳಕೋಣೆಯಲ್ಲಿ. ನನ್ನ ಮುಖ ನೋಡಿದರೆ ಅವರಿಗೆ ಮಾತು ನಿಲ್ಲುತ್ತಿತ್ತು. ಅದಕ್ಕೆ ಗೋಡೆಯ ಮೇಲೆ ಕಣ್ಣು ಪರೀಕ್ಷೆಗೆ ತೂಗುಹಾಕಿದ ಅಕ್ಷರದ ಪಟ ಇದೆಯಲ್ಲ, ಅದನ್ನು ನೋಡುತ್ತ ಮಾತಾಡಿ ಅಂದೆ. ಅದ್ಭುತ ಕೆಲಸ ಮಾಡಿತು. ದೊಡ್ಡ ಅಕ್ಷರದ ಸಾಲಿಗೆ ಎರಡು ಕಿವಿ, ಅದರ ಕೆಳಗಿನ ಸಾಲಿಗೆ ಒಂದು ಬಾಯಿ, ಹೀಗೆ ಒಂದೊಂದು ಸಾಲಿಗೆ ಒಂದೊಂದು ಮಾತು ಕಟ್ಟಿಕೊಂಡು, ಕೊನೆಯ ಸಣ್ಣಕ್ಷರದ ಹತ್ತಿರ ಬಂದಾಗ "ಧನ್ಯವಾದಗಳು" ಎಂದು ಮುಗಿಸುತ್ತಿದ್ದರು. ಹೊರಗೆ ಕಾಯುತ್ತಿದ್ದ ಗಿರಾಕಿಯೊಬ್ಬರು ಇದನ್ನೆಲ್ಲ ಕೇಳಿಸಿಕೊಂಡು, "ನಾನೂ ಇಂಗೆಲ್ಲ ಯೋಳ್ಬೇಕಾ? ನಂಗೆ ಬರೀ ಚಾಳೀಸು ಸಾಕು" ಎಂದು ಹೆದರಿಕೊಂಡರು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನಮ್ಮ ಕಡೆ ಒಬ್ಬ ಮನುಷ್ಯ ಮೈಕಿನ ಮುಂದೆ ನಿಲ್ಲುತ್ತಾನೆ ಎಂದರೆ ಅದು ಅವನೊಬ್ಬನ ಸಂಗತಿಯಲ್ಲ, ಊರಿನ ಮಾನದ ಪ್ರಶ್ನೆ. ಸಭೆಯ ಹಿಂದಿನ ದಿನ ಮದ್ದೂರಿನಲ್ಲಿ ಬಸ್ಸಿಳಿದು ನೋಡುತ್ತೇನೆ, ವೃತ್ತದಲ್ಲಿ ಲಾರಿಯಷ್ಟು ಉದ್ದದ ಫ್ಲೆಕ್ಸು. "ಶೈಕ್ಷಣಿಕ ಉಪನ್ಯಾಸ ನೀಡಲು ಮದ್ದೂರಿಗೆ ಆಗಮಿಸುತ್ತಿರುವ ಮಳವಳ್ಳಿಯ ಹೆಮ್ಮೆಯ ಪುತ್ರನಿಗೆ ಹಾರ್ದಿಕ ಸ್ವಾಗತ." ಪೇಟ ತೊಟ್ಟ ಪುಟ್ಟಸ್ವಾಮಿ ಕೈಮುಗಿದು ನಿಂತಿದ್ದಾರೆ. ಕೆಳಗೆ ಶುಭ ಕೋರುವವರ ಮುಖಗಳು, ಎಲೆಯ ಮೇಲೆ ಹಪ್ಪಳ ಬಡಿಸಿದ ಹಾಗೆ ಸಾಲಾಗಿ. ಮೂಲೆಯಲ್ಲಿ ನಾನು! ಯಾವುದೋ ಮದುವೆಯ ಫೋಟೋದಿಂದ ನನ್ನನ್ನು ಕತ್ತರಿಸಿ ತೆಗೆದು "ಶಿಕ್ಷಣ ತಜ್ಞೆ" ಎಂದು ಹಾಕಿಬಿಟ್ಟಿದ್ದರು. ಕತ್ತರಿಸುವಾಗ ಸ್ವಲ್ಪ ಕೈ ಜಾರಿ ನನ್ನ ಕೆನ್ನೆಗೆ ಅಂಟಿಕೊಂಡಂತೆ ನಮ್ಮ ಯಜಮಾನರ ಒಂದು ಕಿವಿಯೂ ಬಂದಿತ್ತು. ಮನೆಗೆ ಹೋಗಿ ಗೋಳಾಡಿದರೆ ಅವರು, "ಹೋಗಲಿ ಬಿಡೆ, ನನ್ನ ಕಿವಿಯಾದರೂ ಸಮಾಜದ ಕೆಲಸಕ್ಕೆ ಬಂತಲ್ಲ" ಎಂದು ಹಿಗ್ಗಿದರು.

ಬುಧವಾರ ಬೆಳಿಗ್ಗೆ ಮಳವಳ್ಳಿಯಿಂದ ಎರಡು ಟೆಂಪೋ ತುಂಬ ಬಂಧುಬಳಗ ಇಳಿಯಿತು. ಅದೇ ದಿನ ನಮ್ಮ ಸಭೆಗಳು ಕ್ರಮವಾಗಿ ನಡೆಯುತ್ತವೆಯೇ ಎಂದು ನೋಡಲು ಮೈಸೂರಿನಿಂದ ಮೇಲ್ವಿಚಾರಕರು ಬಂದಿದ್ದರು. ಅವರು ಕೈಯಲ್ಲಿ ಗಡಿಯಾರ ಹಿಡಿದು ಕೂತಿದ್ದಂತೆಯೇ ಶಾಲು ಬಂತು, ಪೇಟ ಬಂತು, ಹಣ್ಣಿನ ಬುಟ್ಟಿ ಬಂತು, ಭಾವಮೈದುನರ ಕಡೆಯಿಂದ ಒಂದು, ಷಡ್ಡಕರ ಕಡೆಯಿಂದ ಇನ್ನೊಂದು. ಸನ್ಮಾನವೇ ಮುಗಿಯಲೊಲ್ಲದು. ಮೇಲ್ವಿಚಾರಕರು ನನ್ನ ಕಿವಿಯಲ್ಲಿ "ಇವರು ಯಾರು, ಮಂತ್ರಿಗಳೇ?" ಎಂದು ಕೇಳಿದರು. "ಇಲ್ಲ ಸಾರ್, ಶಾಮಿಯಾನ" ಅಂದೆ. ಮುಂದಿನ ಸಾಲಿನಲ್ಲಿ ಬೋರೇಗೌಡರು ಹೆಂಡತಿಯ ಜೊತೆ ಕೂತಿದ್ದರು. ಮುಖ ಹೊಲದ ಗಡಿಕಲ್ಲಿನ ಹಾಗಿತ್ತು, ಏನೂ ಗೊತ್ತಾಗುತ್ತಿರಲಿಲ್ಲ.

ಕೊನೆಗೂ ಪುಟ್ಟಸ್ವಾಮಿ ಮೈಕು ಹಿಡಿದರು. "ಎಲ್ಲಾರ್ಗೂ ನಮಸ್ಕಾರ" ಅಂದರು. ಅಲ್ಲಿಗೆ ನಿಂತಿತು.

ನನಗೆ ಆಗ ಹೊಳೆಯಿತು. ಅವರ ಕಣ್ಣು ಎದುರಿನ ಗೋಡೆಯನ್ನು ತಡಕುತ್ತಿತ್ತು. ಹೋಟೆಲಿನವರ ಗೋಡೆಯ ಮೇಲೆ ಅಕ್ಷರದ ಪಟ ಎಲ್ಲಿಂದ ಬರಬೇಕು? ಅಲ್ಲಿದ್ದದ್ದು ಹಂಸದ ಜೋಡಿಯ ಒಂದು ಚಿತ್ರ. ಹಂಸಕ್ಕೆ ಕಟ್ಟಿದ ಮಾತು ಯಾವುದೂ ಅವರ ಹತ್ತಿರ ಇರಲಿಲ್ಲ. ಮೈಕಿನಲ್ಲಿ ಅವರ ಉಸಿರು ಮಾತ್ರ ಕೇಳುತ್ತಿತ್ತು. ನಾನು ಎರಡೂ ಕಿವಿ ಹಿಡಿದು, ಎಳೆದು, ಜಗ್ಗಿ ತೋರಿಸಿದೆ. ಹಿಂದಿದ್ದವರು ನಾನು ಗಣಪತಿಗೆ ತಪ್ಪಾಯಿತೆಂದು ಕಿವಿ ಹಿಡಿಯುತ್ತಿದ್ದೇನೆ ಎಂದುಕೊಂಡರಂತೆ. ಬೋರೇಗೌಡರು ನಿಧಾನವಾಗಿ ಕಾಲ ಮೇಲೆ ಕಾಲು ಹಾಕಿಕೊಂಡರು. ಮುಗಿಯಿತು ಈ ಹುಡುಗಿಯ ಮದುವೆ, ಕೆಡಿಸಿದವಳು ನಾನೇ ಎಂದುಕೊಂಡೆ.

ಆಗ ಹಿಂದಿನಿಂದ ರಫೀಕ್ ಎದ್ದು ನಿಂತು ಗಟ್ಟಿಯಾಗಿ, "ಎದ್ರಬ್ಯಾಡ ಕಣಣ್ಣ! ಬೆಳಕವಾಡೀಲಿ ನಿನ್ ಶಾಮಿಯಾನ ಗಾಳಿಗೆ ಕಿತ್ಕಂಡು ಓಯ್ತಲ್ಲ, ಅದ್ನೇ ಯೋಳು!" ಅಂದರು.

ಸ್ನೇಹಿತನನ್ನು ಎತ್ತಿ ಹಿಡಿಯಲು ಅವನ ಮಾನವನ್ನೇ ತೆಗೆಯುವ ವಿದ್ಯೆ ನಮ್ಮ ಸೀಮೆಯವರಿಗೆ ಬಿಟ್ಟು ಬೇರೆಯವರಿಗೆ ಬರುವುದಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ. ಆದರೆ ನಮ್ಮ ನೀರಿಗೆ ಇನ್ನೊಂದು ಗುಣವೂ ಇದೆ. ಭಾಷಣಕ್ಕೆ ನಾಲಿಗೆ ಏಳದವನಿಗೂ, ಎದುರಿಗಿರುವವನು ತಪ್ಪು ಹೇಳಿದರೆ ತಿದ್ದದೆ ಇರಲು ಆಗುವುದಿಲ್ಲ.

"ಯಾವನ್ಲಾ ಕಿತ್ಕಂಡು ಓಯ್ತು ಅಂದೋನು?" ಎಂದು ಪುಟ್ಟಸ್ವಾಮಿ ಗುಡುಗಿದರು. "ಒಂದ್ ಮೂಲೆ ಎದ್ದಿತ್ತು, ಅಷ್ಟೇಯ!"

"ಏ, ನಾನು ಅಲ್ಲೇ ಇದ್ದೆ ಕಣಣ್ಣ" ಎಂದು ಬೆಳಕವಾಡಿಯ ಜಯಮ್ಮ ಎದ್ದರು. ಅವರದು ಅಡುಗೆ ಕಾಂಟ್ರಾಕ್ಟು. "ಬಂದು ನನ್ ಪಾಯ್ಸದ ಮ್ಯಾಲೆ ಬಿತ್ತಲ್ಲ!"

"ಪಾಯ್ಸದ ಮ್ಯಾಲಲ್ಲ, ಸಾರಿನ ಮ್ಯಾಲೆ. ಗೊತ್ತಿಲ್ದೆ ಮಾತಾಡ್ಬ್ಯಾಡ ಕುಂತ್ಕೊ ಜಯಮ್ಮ. ಆಗಿದ್ದು ಏನು ಅಂತ ನಾ ಯೋಳ್ತೀನಿ."

ಹೇಳಿದರು. ಅಬ್ಬಾ, ಏನು ಹೇಳಿದರು! ಆ ಮದುವೆ ಮನೆಯ ಅಜ್ಜಿ ಬಂದು, ಮಗಾ, ಸಂಜೆಗೆ ಕೆರೆ ಕಡೆಯಿಂದ ಗಾಳಿ ನುಗ್ಗುತ್ತದೆ, ಆ ಬದಿಗೆ ಇನ್ನೆರಡು ಹಗ್ಗ ಬಿಗಿ ಎಂದದ್ದು. ಇವರು ಹ್ಞೂಂ ಹ್ಞೂಂ ಎಂದು ತಲೆಯಾಡಿಸಿ ತಮ್ಮ ಪಾಡಿಗೆ ತಾವು ಕಂಬ ನೆಟ್ಟದ್ದು. ಗಾಳಿ ಬಂದು ಮೂಲೆ ಎದ್ದು, ಸಾರಿನ ಕೊಳಗ ಬೋರಲಾಗಿ, ಓಲಗದವರು ಓಲಗದ ಸಮೇತ ಬಟ್ಟೆಯ ಕೆಳಗೆ ಸಿಕ್ಕಿಕೊಂಡದ್ದು, ಅಲ್ಲಿಂದಲೇ ಊದುವುದನ್ನು ನಿಲ್ಲಿಸದೆ ಇದ್ದದ್ದು. ಮೇಲ್ವಿಚಾರಕರು ಗಡಿಯಾರ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡಿದ್ದರು.

"ಇದ್ನ ಯಾಕ್ ಯೋಳ್ದೆ ಅಂದ್ರೆ, ಕೇಳಿಸ್ಕಳೀ ಅಂತ! ಕಿವಿ ಐತೆ, ಕೇಳಿಸ್ಕಳೋರಿಲ್ಲ" ಎಂದು ಅವರು ಸಭೆಯನ್ನೇ ಬೈಯಲು ಹಿಡಿದರು. "ಈ ರಫೀಕು, ಕ್ಲಚ್ಚು ಅಂದ್ರೆ ಬ್ರೇಕ್ ಬಿಚ್ತಾನೆ. ಈ ಜಯಮ್ಮ, ಉಪ್ಪು ಕಮ್ಮಿ ಮಾಡು ಅಂದ್ರೆ ನಂಗೆ ಗೊತ್ತು ಸುಮ್ಕಿರು ಅಂತಾಳೆ. ನಮ್ ಮೇಡಮ್ಮೋರ್ ಏನು ಕಮ್ಮೀನಾ? ಕನ್ನಡ್ಕ ಕಿವಿ ಹಿಂದೆ ಒತ್ತುತ್ತದೆ ಅಂದ್ರೆ, ಅಭ್ಯಾಸ ಆಯ್ತದೆ ಬುಡಿ ಅಂದ್ರು. ಇವತ್ಗೂ ಒತ್ತಾ ಐತೆ ಕಣ್ರಮ್ಮ!" ಅಧ್ಯಕ್ಷರು ಹೆದರುತ್ತಲೇ ಗಂಟೆ ಬಾರಿಸಿದರು. "ಮಡಗಯ್ಯ ಅದ್ನ, ಯೋಳ್ತಾ ಇಲ್ವಾ?" ಎಂದು ಅವರಿಗೂ ಒಂದು ಬಿತ್ತು. ಐದು ನಿಮಿಷ ಯಾವಾಗ ಬಂತೋ ಯಾವಾಗ ಹೋಯಿತೋ. ನಾನು ಇಷ್ಟು ದಿನ ಏರ್ಪಡಿಸಿದ ಭಾಷಣಗಳಲ್ಲಿ ಯಾರೂ ಆಕಳಿಸದೆ ಕೇಳಿದ್ದು ಇದೊಂದೇ.

ಆದರೆ ನಗು ಇಳಿದ ಮೇಲೆ ನನಗೆ ಬೋರೇಗೌಡರ ನೆನಪಾಯಿತು. ಬೀಗರಾಗಬೇಕಾದವರ ಎದುರಿಗೆ ಈ ಮಹಾನುಭಾವರು ತಮ್ಮ ಶಾಮಿಯಾನ ಎದ್ದ ಕಥೆಯನ್ನು ತಾವೇ ಮೈಕಿನಲ್ಲಿ ಹೇಳಿದ್ದಾಗಿತ್ತು. ತಿಂಡಿಯ ಹೊತ್ತಿಗೆ ಪುಟ್ಟಸ್ವಾಮಿಗೂ ಅದು ಅರಿವಾಗಿ, ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಮೂಲೆ ಸೇರಿದ್ದರು. "ಒಸಿ ವಿಚಾರ್ಸಿ ಮೇಡಮ್ಮೋರೆ, ನಂಗೆ ಅವ್ರ ಮಕ ನೋಡಕ್ಕಾಯ್ತಿಲ್ಲ" ಅಂದರು.

ಬೋರೇಗೌಡರು ಕಿಟಕಿಯ ಹತ್ತಿರ ನಿಂತು ವಡೆ ಮುರಿಯುತ್ತಿದ್ದರು. ಹೋಗಿ ನಿಂತೆ. ಭಾಷಣ ಹೇಗಿತ್ತು ಎಂದು ಕೇಳುವ ಧೈರ್ಯವಾಗದೆ ವಡೆ ಹೇಗಿದೆ ಎಂದು ಕೇಳಿದೆ.

"ವಡೆ ಚೆನ್ನಾಗೈತೆ. ಭಾಸಣ ಸುಮಾರು" ಅಂದರು. "ನಾನೂ ಬೇಕಾದಷ್ಟು ಭಾಸಣ ಕೇಳಿವ್ನಿ ಕಣಮ್ಮ. ಮಾತಾಡೋನು ತಡವರಿಸಿದ್ರೆ ಜನ ಕಿಸಕ್ ಅಂತ ನಗ್ತಾರೆ, ಇಲ್ದಿದ್ರೆ ಎದ್ದು ಕಾಫಿಗೆ ಓಯ್ತಾರೆ. ಇಲ್ಲಿ ಆ ವಯ್ಯನ್ ಬಾಯಿ ಕಟ್ಕತ್ತು ಅಂದ್ರೆ ನಿಮ್ಗೆಲ್ಲ ಬೆವ್ರು ಇಳೀತಲ್ಲ! ನೀವಂತೂ ಕಿವೀನೇ ಕಿತ್ಕಳಕ್ಕೆ ಓಗಿದ್ರಿ. ಒಬ್ಬನಿಗೋಸ್ಕರ ಇಷ್ಟು ಜನ ಬೆವರ್ತಾರೆ. ಅಂಥೋನ್ ಮನೆ ಎಣ್ಣು ಬ್ಯಾಡ ಅನ್ನಕ್ಕೆ ನನಗೇನು ಬುದ್ಧಿ ಕೆಟ್ಟದಾ? ಒಪ್ಕಂಡೆ ಅಂತ ಯೋಳಿ." ಇನ್ನೊಂದು ಚೂರು ವಡೆ ಬಾಯಿಗೆ ಹಾಕಿಕೊಂಡು, ದನಿ ತಗ್ಗಿಸಿ, "ಮದ್ವೇಗೆ ಶಾಮಿಯಾನ ಮಾತ್ರ ಬ್ಯಾರೆಯೋರ್ ಕೈಲಿ ಹಾಕ್ಸಿ" ಅಂದರು.

ಮೊದಲರ್ಧವನ್ನಷ್ಟೇ ಹೇಳಬೇಕು ಎಂದು ಗಟ್ಟಿಮನಸ್ಸು ಮಾಡಿಕೊಂಡೇ ಪುಟ್ಟಸ್ವಾಮಿಯ ಹತ್ತಿರ ಹೋದೆ. ಆದರೆ ನಾನೂ ಇದೇ ಮಣ್ಣಿನವಳಲ್ಲವೇ, ಎರಡನೆಯ ಅರ್ಧವೂ ಬಾಯಿಂದ ಬಿತ್ತು. ಪುಟ್ಟಸ್ವಾಮಿ ಇಡೀ ಮಹಡಿಗೆ ಕೇಳುವ ಹಾಗೆ, "ಬ್ಯಾರೆಯೋರ್ಯಾಕೆ? ನನ್ ಮಗಳ್ ಮದ್ವೇಗೆ ಕಂಬ ನಾನೇ ನೆಡ್ತೀನಿ. ಗಾಳಿ ಬಂದ್ರೆ ಅಳಿಯ ಒಂದ್ ಕಂಬ ಇಡ್ಕಳ್ಲಿ, ಬೀಗ್ರು ಒಂದ್ ಕಂಬ ಇಡ್ಕಳ್ಲಿ!" ಎಂದು ಕೂಗಿದರು. ಗಡಿಕಲ್ಲು ನಕ್ಕಿತು. ಅದರ ಹಲ್ಲು ಇಷ್ಟು ಬೆಳ್ಳಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಪುಟ್ಟಸ್ವಾಮಿ ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡು ಮಗಳಿಗೆ ಫೋನು ಹಚ್ಚಿದರು. ಆ ಕಡೆಯಿಂದ "ಏನಾಯ್ತಪ್ಪಾ?" ಎಂಬ ದನಿ ನಮಗೂ ಕೇಳಿಸಿತು. ಪುಟ್ಟಸ್ವಾಮಿ ಬಾಯಿ ತೆರೆದರು. ಮಾತು ಹೊರಡಲಿಲ್ಲ. ಇನ್ನೊಮ್ಮೆ ತೆರೆದರು, ಆಗಲೂ ಇಲ್ಲ. "ಅಪ್ಪಾ, ಇದ್ದೀಯಾ?" ಎಂದು ಹುಡುಗಿ ಅಳುವುದಕ್ಕೇ ಬಂದಳು. ಇಡೀ ಸಭೆ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಿತು.

"ಒಪ್ಕಂಡ್ರು ಅನ್ನಣ್ಣ!" ಎಂದು ರಫೀಕ್, ಜಯಮ್ಮ, ಅಧ್ಯಕ್ಷರು, ನಾನು, ಮೈಸೂರಿನ ಮೇಲ್ವಿಚಾರಕರು, ಎಲ್ಲರೂ ಒಟ್ಟಿಗೆ ಕೂಗಿದೆವು. ಎಲ್ಲರಿಗಿಂತ ಜೋರಾಗಿ ಕೂಗಿದವರು ಬೋರೇಗೌಡರು.